ಹಾವಿನ ಟ್ಯಾಟೂ: ಸೂಜಿ ಮುಟ್ಟುವ ಮೊದಲು ಎಲ್ಲರೂ ಕೇಳುವ ಪ್ರಶ್ನೆಗಳು

ನಮ್ಮ ಅಂಗಡಿ ಬಸವನಗುಡಿಯಲ್ಲಿ ಒಂದನೇ ಮಹಡಿಯ ಮೇಲಿದೆ. ಕೆಳಗೆ ರಸ್ತೆ ತಿರುವಿನಲ್ಲಿ ಅರಳಿಕಟ್ಟೆ, ಕಟ್ಟೆಯ ಮೇಲೆ ಅರಿಶಿನ ಕುಂಕುಮ ಮೆತ್ತಿದ ಹತ್ತು ಹನ್ನೆರಡು ನಾಗರಕಲ್ಲು. ಹಾವಿನ ಟ್ಯಾಟೂ ಬೇಕೆಂದು ಮೆಟ್ಟಿಲು ಹತ್ತುವವರು ಆ ಕಟ್ಟೆ ದಾಟಿಕೊಂಡೇ ಬರಬೇಕು. ಅದಕ್ಕೋ ಏನೋ, ಫೋನಿನಲ್ಲಿ ಜಪಾನು, ಅಮೆರಿಕದ ಡಿಸೈನ್ ಹಿಡಿದು ಬಂದವರೂ ಕುರ್ಚಿಯಲ್ಲಿ ಕೂತ ಮೇಲೆ ಕೇಳುವುದು ನಾಗಪ್ಪನ ವಿಷಯವನ್ನೇ. ಪ್ರತಿ ಸಲ ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ಹಾವಿನ ಟ್ಯಾಟೂಗೆ ಒಟ್ಟಾರೆ ಅರ್ಥ ಏನು?

ಒಟ್ಟಾರೆ ಅರ್ಥ ಅಂತ ಒಂದಿಲ್ಲ. ಗೂಗಲ್ ಮಾಡಿದರೆ ಮೂರು ಪದ ಸಿಗುತ್ತವೆ: ಪುನರ್ಜನ್ಮ, ಶಕ್ತಿ, ಜ್ಞಾನ. ಪೊರೆ ಬಿಡುತ್ತದೆ, ಆದ್ದರಿಂದ ಪುನರ್ಜನ್ಮ. ವಿಷ ಇದೆ, ಆದ್ದರಿಂದ ಶಕ್ತಿ. ತಪ್ಪೇನಿಲ್ಲ, ಆದರೆ ಇಷ್ಟಕ್ಕೇ ನಂಬಿ ಜೀವನಪೂರ್ತಿ ಚರ್ಮದ ಮೇಲೆ ಹೊರಬೇಡಿ. ನಾನು ತಿರುಗಿ ಕೇಳುವುದು ಒಂದೇ ಮಾತು: ಯಾರ ಹಾವು?

ಈಜಿಪ್ಟನ್ನೇ ನೋಡಿ. ಫೇರೋ ಕಿರೀಟದ ಮುಂದೆ ಹೆಡೆ ಎತ್ತಿ ನಿಂತಿರುವ ನಾಗರ ರಾಜನನ್ನು ಕಾಯುವ ದೇವತೆ. ಅದೇ ಈಜಿಪ್ಟಿನಲ್ಲಿ ಅಪೆಪ್ ಎನ್ನುವ ಇನ್ನೊಂದು ಹಾವು ರಾತ್ರಿಯಿಡೀ ಸೂರ್ಯನ ದೋಣಿಗೆ ಅಡ್ಡ ಬಿದ್ದು ನುಂಗಲು ನೋಡುತ್ತದೆ, ಹೆಚ್ಚುಕಡಿಮೆ ನಮ್ಮ ರಾಹುವಿನ ಹಾಗೆ. ಬೈಬಲ್‌ನಲ್ಲೂ ಅಷ್ಟೆ: ಏದೆನ್ ತೋಟದಲ್ಲಿ ಹವ್ವಳನ್ನು ದಾರಿ ತಪ್ಪಿಸಿದ್ದು ಹಾವು, ಆಮೇಲೆ ಮರುಭೂಮಿಯಲ್ಲಿ ಮೋಶೆ ಕಂಬಕ್ಕೇರಿಸಿದ ಕಂಚಿನ ಹಾವನ್ನು ನೋಡಿದವರು ಬದುಕಿಕೊಂಡರು. ಮರಿಯಮ್ಮ ಹಾವನ್ನು ತುಳಿದು ನಿಂತ ಮೂರ್ತಿಯನ್ನು ದಿನಾ ನೋಡಿ ಬೆಳೆದ ಹುಡುಗನಿಗೂ, ಹುತ್ತಕ್ಕೆ ತನಿ ಎರೆಯುವುದನ್ನು ನೋಡಿ ಬೆಳೆದ ಹುಡುಗಿಗೂ ಒಂದೇ ಡಿಸೈನ್ ಒಂದೇ ಅರ್ಥ ಕೊಡುವುದಿಲ್ಲ.

ನಮ್ಮಲ್ಲೂ ಎರಡು ಹಾವು ಇವೆ. ನಾಗಪ್ಪ ಬೇರೆ, ಹಾವು ಬೇರೆ. ಕಲ್ಲಿನ ನಾಗರಕ್ಕೆ ಹಾಲೆರೆದು ನಿಜದ ನಾಗರ ಕಂಡರೆ ಕೋಲು ಹುಡುಕುವ ನಮ್ಮ ಬುದ್ಧಿಯನ್ನು ಬಸವಣ್ಣನವರು 12ನೇ ಶತಮಾನದಲ್ಲೇ ಚುಚ್ಚಿದ್ದಾರೆ, ಅದೂ ನಮ್ಮ ಸೂಜಿಗಿಂತ ಆಳಕ್ಕೆ. ಮಾಗಡಿ ಕಡೆಯ ನಮ್ಮಜ್ಜಿ ಕತ್ತಲಾದ ಮೇಲೆ ಹಾವು ಅನ್ನುತ್ತಲೇ ಇರಲಿಲ್ಲ, "ಹುಳ" ಅನ್ನುತ್ತಿದ್ದಳು. ಹೆಸರೆತ್ತಿದರೇ ಬಂದುಬಿಡುತ್ತದೆ ಎಂಬಷ್ಟು ಹತ್ತಿರದ ಪ್ರಾಣಿ ಅದು ನಮಗೆ.

ನಾಗರಹಾವು ಹಾಕಿಸಿಕೊಂಡರೆ ದೋಷ ಬರುತ್ತಾ?

ನಾನು ಜೋಯಿಸನಲ್ಲ. ಆದರೆ ಈ ಪ್ರಶ್ನೆ ಕೇಳುವವರಿಗೆ ಅಂಜಿಕೆ ಇರುವುದು ಎರಡು ವಿಷಯಕ್ಕೆ ಅಂತ ಇಷ್ಟು ವರ್ಷದಲ್ಲಿ ಗೊತ್ತಾಗಿದೆ.

ಒಂದು, ಜಾಗ. ಹೆಡೆ ಬಿಚ್ಚಿದ ನಾಗರವನ್ನು ಸೊಂಟದ ಕೆಳಗೆ, ಅದರಲ್ಲೂ ಪಾದದ ಮೇಲೆ ಹಾಕಿಸಿಕೊಂಡರೆ ಮನೆಯಲ್ಲಿ ಯಾರಾದರೂ ಒಬ್ಬರು ನೊಂದುಕೊಳ್ಳುತ್ತಾರೆ. ದೇವರನ್ನು ಕಾಲಲ್ಲಿ ಇಟ್ಟುಕೊಂಡೆ ಎಂಬ ಮಾತು ಬರುತ್ತದೆ. ತೋಳು, ಹೆಗಲು, ಬೆನ್ನು ಎಂದರೆ ತಕರಾರು ಕಮ್ಮಿ. ಶಿವ ಕೊರಳಿಗೆ ಸುತ್ತಿಕೊಂಡಿದ್ದಾನೆ, ಗಣಪತಿ ಹೊಟ್ಟೆಗೆ ಕಟ್ಟಿಕೊಂಡಿದ್ದಾನೆ, ವಿಷ್ಣು ಅದರ ಮೇಲೆ ಮಲಗಿಯೇ ಇದ್ದಾನೆ. ಮೈಗೆ ಹಾವು ತಾಗುವುದು ನಮ್ಮ ದೇವರುಗಳಿಗೆ ಹೊಸದಲ್ಲ.

ಎರಡನೆಯದು ಮಡಿ ಮೈಲಿಗೆ. "ಮುಟ್ಟಾದಾಗ ಏನ್ ಮಾಡೋದು ಅಣ್ಣ, ತೆಗೆದಿಡೋಕಾಗಲ್ವಲ್ಲ?" ಎಂದು ಹೆಣ್ಣುಮಕ್ಕಳು ಮೆಲ್ಲಗೆ ಕೇಳುತ್ತಾರೆ. ನಾಗನ ವಿಷಯದಲ್ಲಿ ಮಡಿ ಜಾಸ್ತಿ ಎಂಬುದು ನಿಜ. ದಕ್ಷಿಣ ಕನ್ನಡದಲ್ಲಿ ನಾಗಬನ ಇರುವ ಮನೆತನದವರು, ಕುಕ್ಕೆಯಲ್ಲಿ ಆಶ್ಲೇಷಾ ಬಲಿ, ಸರ್ಪಸಂಸ್ಕಾರ ಮಾಡಿಸಿಕೊಂಡು ಬಂದವರು ಇದನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ ಚರ್ಮದ ಒಳಗಿನ ಇಂಕಿಗೆ ಮೈಲಿಗೆ ಇಲ್ಲ. ಆದರೆ ಮನಸ್ಸು ಅಳುಕುತ್ತಿದ್ದರೆ ನಾಗರ ಬಿಡಿ, ಹಸಿರುಹಾವು ಹಾಕಿಸಿಕೊಳ್ಳಿ. ಬಳ್ಳಿಯಂತೆ ತೆಳ್ಳಗಿರುತ್ತದೆ, ಮಣಿಕಟ್ಟಿಗೆ ಬಹಳ ಚೆನ್ನಾಗಿ ಕೂರುತ್ತದೆ. ಅದಕ್ಕೆ ಯಾರೂ ಹಾಲೆರೆಯುವುದಿಲ್ಲ.

ಎಷ್ಟು ಹೆಡೆ ಇರಬೇಕು?

ಬೆಸ ಸಂಖ್ಯೆ. ಒಂದು, ಮೂರು, ಐದು, ಏಳು. ನಾಲ್ಕು ಹೆಡೆ ಕೇಳಿದರೆ ನಾನು ಮಾಡುವುದಿಲ್ಲ. ಶಾಸ್ತ್ರದ ಮಾತು ಹಾಗಿರಲಿ, ನಡುವೆ ತಲೆಯೇ ಇಲ್ಲದ ಹೆಡೆ ನೋಡಲು ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತದೆ.

ಏಳು ಹೆಡೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಒಮ್ಮೆ ಒಬ್ಬರು "ಬುದ್ಧ ಬೇಕು, ಮೇಲೆ ಹಾವಿನ ಕೊಡೆ ಇರೋದು" ಎಂದು ಫೋಟೋ ತೋರಿಸಿದರು. ಸ್ಟೆನ್ಸಿಲ್ ತೆಗೆಯುವ ಹಂತದಲ್ಲಿ ದೊಡ್ಡದು ಮಾಡಿ ನೋಡುತ್ತೇನೆ, ಮೈ ಮೇಲೆ ಬಟ್ಟೆಯ ಗೆರೆಯೇ ಇಲ್ಲ, ಎದೆಯ ಮೇಲೆ ಶ್ರೀವತ್ಸ ಎಂಬ ಸಣ್ಣ ಗುರುತು. ಅದು ಬುದ್ಧನಲ್ಲ, ಜೈನರ 23ನೇ ತೀರ್ಥಂಕರ ಪಾರ್ಶ್ವನಾಥ. ಧ್ಯಾನದಲ್ಲಿದ್ದ ಪಾರ್ಶ್ವನಾಥನಿಗೆ ಧರಣೇಂದ್ರ ಎಂಬ ನಾಗರಾಜ ಹೆಡೆಯ ಕೊಡೆ ಹಿಡಿದದ್ದು ಒಂದು ಕಥೆ. ಜ್ಞಾನೋದಯವಾದ ಮೇಲೆ ಕೂತಿದ್ದ ಬುದ್ಧನಿಗೆ ಏಳು ದಿನದ ಮಳೆಯಲ್ಲಿ ಮುಚಲಿಂದ ನಾಗರಾಜ ಹೆಡೆಯ ಮರೆ ಕೊಟ್ಟದ್ದು ಇನ್ನೊಂದು. ಎರಡರಲ್ಲೂ ಹಾವು ಕಾಯುತ್ತದೆ, ಚಿತ್ರವೂ ಅಕ್ಕಪಕ್ಕದಲ್ಲಿಟ್ಟರೆ ಅಣ್ಣತಮ್ಮಂದಿರ ಹಾಗಿರುತ್ತದೆ. ಐದು ಹೆಡೆ ಇದ್ದರೆ ಅದು ಏಳನೇ ತೀರ್ಥಂಕರ ಸುಪಾರ್ಶ್ವನಾಥನೂ ಇರಬಹುದು. ಜೈನ ಗ್ರಾಹಕರೊಬ್ಬರು ಆಮೇಲೆ ಇಷ್ಟನ್ನೂ ನನಗೆ ಹೇಳಿಕೊಟ್ಟರು. ಜೊತೆಗೆ ಶ್ರವಣಬೆಳಗೊಳದ ಬಾಹುಬಲಿಯ ಕಾಲ ಬಳಿಯ ಹುತ್ತಗಳಿಂದ ಹಾವು ತಲೆ ಹಾಕಿರುವುದನ್ನು ಗಮನಿಸಿದ್ದೀರಾ ಎಂದೂ ಕೇಳಿದರು. ಮೂರು ಸಲ ಬೆಟ್ಟ ಹತ್ತಿದ್ದರೂ ನಾನು ನೋಡಿದ್ದು ಬರೀ ಮೇಲೆ, ಮುಖವನ್ನು. ಅಲ್ಲಿಯ ಹಾವು ಕಾಯುವುದೂ ಇಲ್ಲ, ಕಚ್ಚುವುದೂ ಇಲ್ಲ. ಒಬ್ಬ ಮನುಷ್ಯ ಎಷ್ಟು ಹೊತ್ತು ಅಲ್ಲಾಡದೆ ನಿಂತಿದ್ದ ಎಂಬುದಕ್ಕೆ ಸಾಕ್ಷಿ. ಅಂಥ ಟ್ಯಾಟೂ ಮಾಡಬೇಕೆಂಬ ಆಸೆ ನನಗಿದೆ, ಇನ್ನೂ ಯಾರೂ ಕೇಳಿಲ್ಲ.

ಗಂಡ ಹೆಂಡತಿ ಇಬ್ಬರೂ ಹೆಣೆದುಕೊಂಡ ಜೋಡಿ ಹಾವು ಹಾಕಿಸಿಕೊಳ್ಳಬೇಕೆಂದಿದ್ದೇವೆ. ಪ್ರೀತಿಯ ಗುರುತು ಅಲ್ಲವೇ?

ನಾಗರಕಲ್ಲಿನ ಜೋಡಿ ಆದರೆ ಹೌದು. ಘಾಟಿ ಸುಬ್ರಹ್ಮಣ್ಯಕ್ಕೆ ಹೋದರೆ ಮಕ್ಕಳಾಗಲೆಂದು ಹರಕೆ ಹೊತ್ತವರು ಪ್ರತಿಷ್ಠೆ ಮಾಡಿಸಿದ ಕಲ್ಲುಗಳು ಸಾಲುಸಾಲಾಗಿ ನಿಂತಿವೆ, ಅದರಲ್ಲಿ ಹೆಣೆದ ಜೋಡಿ ಬಹಳ. ಸಂಸಾರ, ಸಂತಾನ ಎಂಬ ಅರ್ಥ ನಮ್ಮ ನೆಲದಲ್ಲಿ ಗಟ್ಟಿಯಾಗಿಯೇ ಇದೆ.

ಆದರೆ ಯೂಟ್ಯೂಬಿನಲ್ಲಿ ನೋಡಿದ, ಹೊಲದಲ್ಲಿ ಎದ್ದು ನಿಂತು ಹೆಣೆದುಕೊಂಡ ಹಾವುಗಳ ಫೋಟೋ ತಂದರೆ ಹೇಳಲೇಬೇಕಾಗುತ್ತದೆ: ಅವು ಬಹುತೇಕ ಎರಡೂ ಗಂಡು ಕೇರೆಹಾವುಗಳು, ಕುಸ್ತಿ ಹಿಡಿದಿವೆ. ನಾಗರಕ್ಕೂ ಕೇರೆಗೂ ಸರಸ ಎಂದು ಹಳ್ಳಿಯಲ್ಲಿ ಹೇಳುವುದು ಇದನ್ನೇ ನೋಡಿ. ಒಂದು ದಂಪತಿಗೆ ಹೀಗೆ ಹೇಳಿದಾಗ ಅವರು ಮುಖ ಮುಖ ನೋಡಿಕೊಂಡು ನಕ್ಕು, "ಹಾಗಾದ್ರೆ ಇದೇ ಸರಿ, ಹಾಕಿ" ಅಂದರು.

ನಾನು ಡಾಕ್ಟರ್. ಕೋಲಿಗೆ ಒಂದು ಹಾವೋ, ಎರಡೋ?

ಒಂದು. ಗ್ರೀಕರ ವೈದ್ಯದೇವತೆ ಅಸ್ಕ್ಲೇಪಿಯಸ್‌ನ ಕೋಲಿಗೆ ಸುತ್ತಿರುವುದು ಒಂದೇ ಹಾವು, ರೆಕ್ಕೆ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಬಾವುಟದಲ್ಲೂ ಒಂದೇ. ಎರಡು ಹಾವು, ಮೇಲೊಂದು ಜೊತೆ ರೆಕ್ಕೆ ಇರುವುದು ಹರ್ಮೀಸ್ ದೇವರ ದಂಡ. ಅವನು ದೂತ, ವ್ಯಾಪಾರಿಗಳ ದೇವರು, ಸತ್ತವರನ್ನು ಪಾತಾಳಕ್ಕೆ ಕರೆದೊಯ್ಯುವವನು. 1902ರಲ್ಲಿ ಅಮೆರಿಕದ ಸೇನೆಯ ವೈದ್ಯಕೀಯ ದಳ ಈ ಎರಡನೆಯದನ್ನು ತನ್ನ ಗುರುತು ಮಾಡಿಕೊಂಡಿತು, ಅಲ್ಲಿಂದ ಗೊಂದಲ ಲೋಕವೆಲ್ಲ ಹಬ್ಬಿತು. ಆಸ್ಪತ್ರೆ ಬಿಲ್ ನೋಡಿದವರು ವ್ಯಾಪಾರದ ದೇವರೇ ಸರಿ ಅನ್ನಬಹುದು, ಅದು ಬೇರೆ ಮಾತು.

ಒಬ್ಬ ಸ್ತ್ರೀರೋಗ ತಜ್ಞೆ ಇಷ್ಟೂ ಕೇಳಿ, "ಎರಡೇ ಇರಲಿ, ಆದರೆ ಕೋಲು ತೆಗೆದುಬಿಡಿ, ಕೆಳಗೆ ಕಟ್ಟೆ ಮೇಲಿದೆಯಲ್ಲ ಆ ಥರ ಮಾಡಿ" ಎಂದರು. ನಾನು ಕೆಳಗಿಳಿದು ಕಲ್ಲಿನ ಫೋಟೋ ತೆಗೆದು ಬಂದೆ. ಹೆರಿಗೆ ಮಾಡಿಸುವವರ ಕೈಗೆ ಅದಕ್ಕಿಂತ ಒಪ್ಪುವ ಹಾವು ನನಗೆ ತೋಚುವುದಿಲ್ಲ.

ತನ್ನ ಬಾಲ ತಾನೇ ಕಚ್ಚಿದ ಹಾವು?

ಊರೊಬೊರಸ್ ಅನ್ನುತ್ತಾರೆ. ಈಗ ತಿಳಿದಿರುವಂತೆ ಅದರ ಬಹಳ ಹಳೆಯ ಚಿತ್ರ ಇರುವುದು ಕ್ರಿ.ಪೂ. 14ನೇ ಶತಮಾನದ ತುತಾಂಖಮುನ್ ಸಮಾಧಿಯಲ್ಲಿ. ಆದಿ ಅಂತ್ಯ ಇಲ್ಲದ ಕಾಲ ಎಂಬುದು ಸಾಮಾನ್ಯ ಅರ್ಥ. ಉತ್ತರ ಯೂರೋಪಿನ ಕಥೆಯಲ್ಲಿ ಇದೇ ಆಕಾರ ಬೇರೆ: ಯೋರ್ಮುನ್‌ಗಾಂಡ್ ಎಂಬ ಹಾವು ಭೂಮಿಯನ್ನೆಲ್ಲ ಸುತ್ತಿ ಬಾಲ ಕಚ್ಚಿಕೊಂಡಿದೆ, ಬಿಟ್ಟ ದಿನ ಪ್ರಳಯ. ಕೆಮಿಸ್ಟ್ರಿ ಓದಿದವರು ಕೇಳುವುದು ಜರ್ಮನ್ ವಿಜ್ಞಾನಿ ಕೆಕುಲೆಯ ಹಾವನ್ನು. ಬೆಂಜೀನ್ ಉಂಗುರದ ರಚನೆ ತನಗೆ ಹೊಳೆದದ್ದು ತೂಕಡಿಕೆಯಲ್ಲಿ ಬಾಲ ಕಚ್ಚಿದ ಹಾವು ಕಂಡಾಗ ಎಂದು ಅವನು 1890ರ ಭಾಷಣದಲ್ಲಿ ಹೇಳಿಕೊಂಡ. ಕಬ್ಬನ್ ಪಾರ್ಕ್ ಮೂಲೆಯಲ್ಲಿ ನಿಂತಿರುವ ವಿಕ್ಟೋರಿಯಾ ರಾಣಿಗೆ ಆಲ್ಬರ್ಟ್ ತೊಡಿಸಿದ ನಿಶ್ಚಿತಾರ್ಥದ ಉಂಗುರವೂ ಹಾವಿನದೇ, ಹಸಿರು ಪಚ್ಚೆ ಇಟ್ಟದ್ದು. ಅಲ್ಲಿ ಅದರ ಅರ್ಥ ಮುಗಿಯದ ಪ್ರೀತಿ.

ಎಂಟನ್ನು ಅಡ್ಡ ಮಲಗಿಸಿದ ಆ ಇನ್ಫಿನಿಟಿ ಚಿಹ್ನೆಗೆ ಹಾವಿನ ತಲೆ ಜೋಡಿಸಿ ಎಂದು ವಾರಕ್ಕೊಬ್ಬರಾದರೂ ಬರುತ್ತಾರೆ. ಆದಿಶೇಷನ ಇನ್ನೊಂದು ಹೆಸರೇ ಅನಂತ. ಕೊನೆಯಿಲ್ಲದ್ದು ಅಂತಲೇ ಅದರ ಅರ್ಥ. ಅವನನ್ನು ಬಿಟ್ಟು ಗಣಿತದ ಚಿಹ್ನೆಗೆ ಏಕೆ ಜೋತು ಬೀಳಬೇಕೋ ನನಗೆ ತಿಳಿಯದು.

ಮೆಡೂಸಾ ಬೇಕು. ಯಾಕೆ ಅಂತ ಹೇಳಬೇಕಾ?

ಬೇಡ. ನಾನು ಕೇಳುವುದಿಲ್ಲ.

ಗೊತ್ತಿಲ್ಲದವರಿಗೆ: ತಲೆಗೂದಲೆಲ್ಲ ಹಾವಾದ, ಕಣ್ಣಿಗೆ ಕಣ್ಣು ಕೊಟ್ಟವರನ್ನು ಕಲ್ಲು ಮಾಡುವ ಹೆಣ್ಣು ಮೆಡೂಸಾ. ರೋಮನ್ನರ ಕಾಲದಲ್ಲಿ ಹೇಳಿದ ಕಥೆಯ ಪ್ರಕಾರ ಸಮುದ್ರದೇವ ಅವಳ ಮೇಲೆ ಅತ್ಯಾಚಾರ ಮಾಡುತ್ತಾನೆ, ದೇವಿಯ ಗುಡಿಯೊಳಗೇ. ಶಿಕ್ಷೆಯಾಗುವುದು ಅವನಿಗಲ್ಲ, ಇವಳಿಗೆ. ಇಂಥದ್ದನ್ನು ದಾಟಿ ಬಂದ ಅನೇಕ ಹೆಣ್ಣುಮಕ್ಕಳು ಜಗತ್ತಿನ ಬೇರೆ ಬೇರೆ ಕಡೆ ಈಗ ಅವಳ ಮುಖ ಹಾಕಿಸಿಕೊಳ್ಳುತ್ತಾರೆ. ಅದಕ್ಕಿಂತ ಹಿಂದೆ ಗ್ರೀಕರು ಗುರಾಣಿಯ ಮೇಲೆ, ಕಟ್ಟಡದ ಮೇಲೆ ಅವಳ ತಲೆ ಕೆತ್ತುತ್ತಿದ್ದರು, ಕೆಟ್ಟದ್ದು ಹತ್ತಿರ ಬರದಿರಲೆಂದು. ಬೆಂಗಳೂರಲ್ಲಿ ಅರ್ಧ ಎದ್ದ ಕಟ್ಟಡಕ್ಕೆಲ್ಲ ನಾಲಿಗೆ ಚಾಚಿದ ದೃಷ್ಟಿಬೊಂಬೆ ನೇತು ಹಾಕುತ್ತೇವಲ್ಲ, ಕೆಲಸ ಅದೇ. ಮೆಡೂಸಾಳ ಹಳೆಯ ಮುಖಗಳಲ್ಲೂ ನಾಲಿಗೆ ಹೊರಗೇ ಇರುತ್ತದೆ. ಹಾಗಾಗಿ ಹಾಕಿಸಿಕೊಂಡವರೆಲ್ಲ ಒಂದೇ ಕಾರಣಕ್ಕೆ ಹಾಕಿಸಿಕೊಂಡಿದ್ದಾರೆ ಎಂದು ನೀವೂ ಊಹಿಸಬೇಡಿ, ಬಸ್ಸಿನಲ್ಲಿ ಪಕ್ಕ ಕೂತವರನ್ನು ಕೇಳಲೂ ಬೇಡಿ.

ಜಪಾನಿ ಶೈಲಿಯ ಹಾವಿಗೂ ನಮ್ಮದಕ್ಕೂ ಸಂಬಂಧ ಇದೆಯಾ?

ಇದೆ, ನೀವು ಅಂದುಕೊಂಡಿದ್ದಕ್ಕಿಂತ ಹತ್ತಿರದ್ದು. ಜಪಾನಿನಲ್ಲಿ ಬಿಳಿ ಹಾವು ಬೆಂಜೈತೆನ್ ದೇವಿಯ ದೂತ. ಕೈಯಲ್ಲಿ ವೀಣೆಯಂಥ ವಾದ್ಯ ಹಿಡಿದು ನೀರಿನ ಪಕ್ಕ ಇರುವ ಆ ದೇವಿ ಬೇರೆ ಯಾರೂ ಅಲ್ಲ, ಬೌದ್ಧರ ಜೊತೆ ಚೀನಾ ದಾಟಿ ಅಲ್ಲಿಗೆ ಹೋದ ನಮ್ಮ ಸರಸ್ವತಿ. ಅಲ್ಲಿ ಅವಳು ದುಡ್ಡನ್ನೂ ಕೊಡುತ್ತಾಳೆ, ಹಾಗಾಗಿ ಹಾವಿನ ಪೊರೆಯ ಚೂರನ್ನು ಪರ್ಸಿನಲ್ಲಿ ಇಟ್ಟುಕೊಳ್ಳುವವರಿದ್ದಾರೆ. ಒಟ್ಟಿನಲ್ಲಿ ಜಪಾನಿ ಹಾವು ರಕ್ಷಣೆ, ಅದೃಷ್ಟ, ಸ್ವಲ್ಪ ಮಟ್ಟಿಗೆ ಸೇಡು ಕೂಡ. ಹಾವಿನ ದ್ವೇಷ ಹನ್ನೆರಡು ವರುಷ ಎಂಬ ಗಾದೆ ಅವರಿಗೂ ಅರ್ಥವಾದೀತು.

ಡಿಸೈನಿನಲ್ಲಿ ಹಾವು ಒಂಟಿಯಾಗಿರುವುದಿಲ್ಲ. ಪಿಯೋನಿ ಹೂವಿನ ನಡುವೆ, ಸೇವಂತಿಗೆಯ ನಡುವೆ, ತಲೆಬುರುಡೆಯ ಸುತ್ತ ಇರುತ್ತದೆ. ಸೇವಂತಿಗೆ ಅಲ್ಲಿ ರಾಜಮನೆತನದ ಲಾಂಛನ. ಇಲ್ಲಿ ಮಾರ್ಕೆಟ್ಟಿನಲ್ಲಿ ಮಾರು ಲೆಕ್ಕದಲ್ಲಿ ಸಿಗುತ್ತದೆ, ಆದ್ದರಿಂದ ನಾನು ದಳ ಬರೆಯುವಾಗ ಜಪಾನಿ ಪುಸ್ತಕ ನೋಡುವುದಿಲ್ಲ, ಹೂವನ್ನೇ ತಂದು ಮೇಜಿನ ಮೇಲಿಡುತ್ತೇನೆ.

ಕಂಪನಿ ಕೆಲಸಕ್ಕೆ ಜಪಾನಿಗೆ ಹೋಗುವವರು ನೆನಪಿಡಿ: ಅಲ್ಲಿ 1872ರಿಂದ 1948ರವರೆಗೆ ಟ್ಯಾಟೂಗೆ ನಿಷೇಧವೇ ಇತ್ತು, ಗೂಂಡಾಗಳ ಗುರುತು ಎಂಬ ಹೆಸರು ಇನ್ನೂ ಪೂರ್ತಿ ಹೋಗಿಲ್ಲ. ಬಿಸಿನೀರಿನ ಸ್ನಾನಗೃಹಗಳಲ್ಲಿ ಹಲವು ಕಡೆ ಟ್ಯಾಟೂ ಇದ್ದವರನ್ನು ಒಳಗೆ ಬಿಡುವುದಿಲ್ಲ. ಪೂರ್ತಿ ತೋಳಿನ ಜಪಾನಿ ಹಾವು ಹಾಕಿಸಿಕೊಂಡು ಜಪಾನಿನಲ್ಲೇ ಬಾಗಿಲ ಹೊರಗೆ ನಿಲ್ಲುವುದು ತಮಾಷೆಯಾಗಿರುವುದಿಲ್ಲ.

ಕತ್ತಿಗೆ ಸುತ್ತಿಕೊಂಡ ಹಾವು? ಬುಸುಗುಡುವ ಅಮೆರಿಕನ್ ಹಾವು?

ಕತ್ತಿ ಹಾವು ಎರಡೂ ಇರುವುದು ಹಡಗಿನವರ ಹಳೇ ಶೈಲಿ. ಸೇಲರ್ ಜೆರ್ರಿ ಎಂದು ಹೆಸರಾದ ನಾರ್ಮನ್ ಕಾಲಿನ್ಸ್ ಹೊನೊಲುಲುವಿನಲ್ಲಿ ಕೂತು ನಾವಿಕರಿಗೆ ಹಾಕುತ್ತಿದ್ದ ಥರದ್ದು: ದಪ್ಪ ಕಪ್ಪು ಗೆರೆ, ಕೆಂಪು, ಹಸಿರು, ಅಷ್ಟೆ. ಅಪಾಯ ಎದುರಿಸಿದೆ, ಗೆದ್ದೆ ಎಂಬ ಭಾವ. ನಮ್ಮ ಗೋಧಿ ಬಣ್ಣ, ಕಪ್ಪು ಬಣ್ಣದ ಚರ್ಮಕ್ಕೆ ಈ ದಪ್ಪ ಗೆರೆ ಹೇಳಿ ಮಾಡಿಸಿದ ಹಾಗಿರುತ್ತದೆ; ಹತ್ತು ವರ್ಷ ಬಿಟ್ಟು ನೋಡಿದರೂ ಹಾವು ಹಾವಾಗಿಯೇ ಕಾಣುತ್ತದೆ.

ಹಳದಿ ಬಾವುಟದ ಮೇಲೆ ಸುರುಳಿ ಸುತ್ತಿದ ಗಿಲಿಕೆ ಹಾವು, ಕೆಳಗೆ ನನ್ನನ್ನು ತುಳಿಯಬೇಡ ಎಂಬ ಬರಹ ಇರುವುದು 1775ರ ಗ್ಯಾಡ್ಸ್‌ಡೆನ್ ಬಾವುಟ, ಬ್ರಿಟಿಷರ ವಿರುದ್ಧ ಎದ್ದದ್ದು. ಈಗ ಅಲ್ಲಿ ಅದು ರಾಜಕೀಯ ಪಕ್ಷದ ಜಗಳದೊಳಗೆ ಸಿಕ್ಕಿಕೊಂಡಿದೆ. ಚೆನ್ನಾಗಿ ಕಾಣುತ್ತದೆಂದು ಹಾಕಿಸಿಕೊಂಡು ವೀಸಾ ಸಿಕ್ಕಿ ಅಲ್ಲಿಗೆ ಹೋದರೆ, ನಿಮ್ಮ ಕೈ ನೋಡಿ ಜನ ನಿಮ್ಮ ಓಟು ಊಹಿಸುತ್ತಾರೆ.

ಗರಿ ಇರುವ ಹಾವು, ಕಾಮನಬಿಲ್ಲಿನ ಹಾವು ಹಾಕುತ್ತೀರಾ?

ಮೊದಲನೆಯದು ಹಾಕುತ್ತೇನೆ. ಮೆಕ್ಸಿಕೋದ ಅಜ್ಟೆಕ್ ಜನರ ಕ್ವೆಟ್ಜಾಲ್‌ಕೋಆಟ್ಲ್, ಹಕ್ಕಿಯ ಗರಿ ಹೊತ್ತ ಹಾವು: ನೆಲ ಮುಗಿಲು ಎರಡೂ ಒಂದೇ ಮೈಯಲ್ಲಿ. ಮಾಯಾ ಜನರ ಚಿಚೆನ್ ಇಟ್ಜಾ ಪಿರಮಿಡ್ಡಿನಲ್ಲಿ ಹಗಲು ರಾತ್ರಿ ಸಮವಾಗುವ ದಿನದ ಆಸುಪಾಸು ಮೆಟ್ಟಿಲ ಪಕ್ಕ ನೆರಳಿನ ಹಾವು ಇಳಿದು ಬಂದಂತೆ ಕಾಣುತ್ತದೆ. ಸಂಕ್ರಾಂತಿಯ ಸಂಜೆ ಗವಿಪುರದಲ್ಲಿ ಗಂಗಾಧರೇಶ್ವರನ ಮೇಲೆ ಬಸವನ ಕೋಡಿನ ನಡುವಿಂದ ಬಿಸಿಲು ಬೀಳುವುದನ್ನು ಕಾದು ನೋಡುವ ನಮಗೆ ಆ ಲೆಕ್ಕಾಚಾರದ ಖುಷಿ ವಿವರಿಸಬೇಕಿಲ್ಲ.

ಎರಡನೆಯದು ಆಸ್ಟ್ರೇಲಿಯಾದ ಮೂಲನಿವಾಸಿಗಳದು, ನೀರಿನ ದಾರಿಗಳನ್ನು ಸೃಷ್ಟಿಸಿದ ಹಾವು. ಅದು ಅವರಿಗೆ ಮುಗಿದು ಹೋದ ಪುರಾಣವಲ್ಲ, ಇವತ್ತಿನ ನಂಬಿಕೆ. ಯಾವ ಚುಕ್ಕಿಚಿತ್ರ ಯಾರು ಬರೆಯಬಹುದು ಎಂಬುದಕ್ಕೂ ಅಲ್ಲಿ ಕಟ್ಟುಪಾಡಿದೆ. ಅದನ್ನು ನಾನು ಮುಟ್ಟುವುದಿಲ್ಲ.

ಹುಟ್ಟಿದ ವರ್ಷದ್ದು, ನಕ್ಷತ್ರದ್ದು ಅಂತ ಇದೆಯಂತಲ್ಲ?

ಚೀನೀ ಪಂಚಾಂಗದಲ್ಲಿ 1977, 1989, 2001, 2013, 2025 ಹಾವಿನ ವರ್ಷ. ಆದರೆ ವರ್ಷ ಶುರುವಾಗುವುದು ಜನವರಿ ಕೊನೆಗೋ ಫೆಬ್ರವರಿಯಲ್ಲೋ, ಜನವರಿ ಒಂದರಂದು ಹುಟ್ಟಿದವರು ಹಿಂದಿನ ಪ್ರಾಣಿಗೆ ಸೇರುತ್ತಾರೆ. ನಮ್ಮಲ್ಲಾದರೆ ಆಶ್ಲೇಷಾ ನಕ್ಷತ್ರಕ್ಕೆ ಸರ್ಪಗಳೇ ದೇವತೆ.

ನಿಜವಾದ ನಾಗರದ ಹಾಗೇ ಇರಬೇಕು, ಫೋಟೋ ಥರ. ಆಗುತ್ತಾ?

ಆಗುತ್ತದೆ, ಆದರೆ ನೀವು ತಂದಿರುವ ಫೋಟೋ ನೂರಕ್ಕೆ ತೊಂಬತ್ತು ಸಲ ತಪ್ಪಿರುತ್ತದೆ. ನಾನೂ ಶುರುವಿನಲ್ಲಿ ತಪ್ಪಿದ್ದೇನೆ. ಹೆಡೆ ಎತ್ತಿ ನಮ್ಮ ಕಡೆ ಮುಖ ಮಾಡಿ ನಿಂತ ನಾಗರ ಬರೆದು, ಹೆಡೆಯ ಮೇಲೆ ಕನ್ನಡಕದ ಗುರುತು ಚೆನ್ನಾಗಿ ಶೇಡ್ ಮಾಡಿದ್ದೆ. ಗ್ರಾಹಕರ ಸ್ನೇಹಿತರೊಬ್ಬರು ಹಾವು ಹಿಡಿದು ಕಾಡಿಗೆ ಬಿಡುವವರು. ನೋಡಿದ ಕೂಡಲೇ "ಇದರ ಕುತ್ತಿಗೆ ತಿರುಚಿದ್ದೀರಾ?" ಅಂದರು. ಕನ್ನಡಕದ ಗುರುತು ಇರುವುದು ಹೆಡೆಯ ಹಿಂದುಗಡೆ. ಮುಂದಿನಿಂದ ಕಾಣುವುದು ಅಡ್ಡಪಟ್ಟಿ, ಪಟ್ಟಿಯ ಮೇಲ್ಗಡೆ ಎರಡು ಕಪ್ಪು ಚುಕ್ಕೆ. ಕೃಷ್ಣ ಕಾಳಿಂಗನ ತಲೆ ಮೇಲೆ ಕುಣಿದ ಹೆಜ್ಜೆ ಗುರುತು ಅದು ಎನ್ನುತ್ತಾರಲ್ಲ, ಆ ಹೆಜ್ಜೆ ಬಿದ್ದಿರುವುದು ಹಿಂದೆ. ಅಂದಿನಿಂದ ಗುರುತು ಬೇಕು ಎಂದವರಿಗೆ ಹಾವನ್ನು ಬೆನ್ನು ತಿರುಗಿಸಿ ಬರೆಯುತ್ತೇನೆ.

ಕಣ್ಣೂ ನೋಡಿ. ನಾಗರದ ಕಣ್ಣುಪಾಪೆ ಗುಂಡಗೆ. ಬೆಕ್ಕಿನ ಹಾಗೆ ಸೀಳಿದ್ದರೆ ಅದು ಕೊಳಕುಮಂಡಲದ ಕಣ್ಣು. ಯಾವ ಹಾವಿಗೂ ರೆಪ್ಪೆ ಇಲ್ಲ, ಆದ್ದರಿಂದ "ಮಲಗಿರೋ ಹಾವು, ಕಣ್ಣು ಮುಚ್ಚಿರಲಿ" ಅನ್ನಬೇಡಿ. ಹೊಟ್ಟೆಯ ಕಡೆ ಹುರುಪೆ ಸಣ್ಣಸಣ್ಣದಲ್ಲ, ಏಣಿಯ ಮೆಟ್ಟಿಲ ಹಾಗೆ ಅಗಲವಾಗಿ ಅಡ್ಡಡ್ಡ ಇರುತ್ತದೆ. ಮೈ ಹೊರಳುವ ಕಡೆ ಇದೊಂದನ್ನು ಸರಿ ಮಾಡಿದರೆ ಅರ್ಧ ಜೀವ ಬಂದ ಹಾಗೆ.

ಕಾಳಿಂಗ ಬೇಕೆನ್ನುವವರು ಹೆಡೆಗೆ ಕನ್ನಡಕ ಕೇಳಲೇಬಾರದು, ಅದಕ್ಕಿಲ್ಲ. ನಮ್ಮ ಪಶ್ಚಿಮ ಘಟ್ಟದ ಕಾಳಿಂಗ ಬೇರೆಯೇ ಪ್ರಭೇದ ಎಂದು 2024ರಲ್ಲಿ ವಿಜ್ಞಾನಿಗಳು ಗುರುತಿಸಿ, ಕನ್ನಡದ ಹೆಸರನ್ನೇ ಉಳಿಸಿ ಒಫಿಯೋಫೇಗಸ್ ಕಾಳಿಂಗ ಎಂದು ಕರೆದರು. ಮೊದಲ ಪದಕ್ಕೆ ಹಾವು ತಿನ್ನುವುದು ಎಂದರ್ಥ. ಆಗುಂಬೆ ಕಡೆಯ ಹುಡುಗನೊಬ್ಬ ಈ ಹೆಸರನ್ನು ಕನ್ನಡ ಲಿಪಿಯಲ್ಲಿ ಹಾವಿನ ಮೈಯುದ್ದಕ್ಕೂ ಬರೆಸಿಕೊಂಡ. ನಾನು ಮಾಡಿದ್ದರಲ್ಲಿ ನನಗೆ ಇಷ್ಟವಾದ ಕೆಲಸ ಅದು.

ಹೆಣ್ಣುಮಕ್ಕಳಿಗೆ ಹಾವು ಜೋರಾಯಿತು ಅಲ್ಲವೇ?

ಪೆರು ದೇಶದ ಎಲ್ ಬ್ರೂಹೋ ಎಂಬಲ್ಲಿ ಸುಮಾರು 1,600 ವರ್ಷ ಹಳೆಯ ಒಬ್ಬ ತರುಣಿಯ ಒಣಗಿದ ದೇಹ ಸಿಕ್ಕಿ, 2006ರಲ್ಲಿ ಸುದ್ದಿಯಾಯಿತು. ಕಾವೋದ ಒಡತಿ ಎನ್ನುತ್ತಾರೆ. ಪಕ್ಕದಲ್ಲಿ ಗದೆಗಳು, ಮುಂಗೈ ತುಂಬ ಹಾವು ಮತ್ತು ಜೇಡದ ಹಚ್ಚೆ. ಆ ನಾಡಿನಲ್ಲಿ ಗಂಡಸರೇ ಆಳುತ್ತಿದ್ದರು ಎಂದು ಅಲ್ಲಿಯವರೆಗೆ ಅಂದುಕೊಂಡಿದ್ದವರು ತಿದ್ದಿಕೊಳ್ಳಬೇಕಾಯಿತು. ಅಷ್ಟು ದೂರ ಬೇಡ, ನಮ್ಮಜ್ಜಿಯ ಮುಂಗೈ ಮೇಲೆ ಕೊರವಂಜಿ ಹಾಕಿದ ಚೇಳಿತ್ತು.

ಸೇನೆಗೆ ಸೇರಬೇಕೆಂದಿದ್ದೇನೆ, ತೋಳಿಗೆ ಸುತ್ತಿದ ಹಾವು ಹಾಕಿಸಲಾ?

ಈಗ ಬೇಡ. ಸೇನೆಯ ಭರ್ತಿಯಲ್ಲಿ ಮೊಣಕೈಯಿಂದ ಮಣಿಕಟ್ಟಿನವರೆಗಿನ ಒಳಭಾಗ ಮತ್ತು ಅಂಗೈಯ ಹಿಂಭಾಗ ಬಿಟ್ಟು ಬೇರೆ ಕಡೆ ಟ್ಯಾಟೂ ಸಾಮಾನ್ಯವಾಗಿ ಒಪ್ಪುವುದಿಲ್ಲ. ಸುತ್ತಿದ ಹಾವು ಹೊರಭಾಗಕ್ಕೂ ಬಂದೇ ಬರುತ್ತದೆ.

ತಲೆ ಯಾವ ಕಡೆಗಿರಬೇಕು? ಮತ್ತೆ, ಅಮ್ಮನಿಗೆ ಏನು ಹೇಳಲಿ?

ಎರಡನ್ನೂ ಒಟ್ಟಿಗೇ ಹೇಳಿಬಿಡುತ್ತೇನೆ. ನನ್ನ ಲೆಕ್ಕದಲ್ಲಿ ತಲೆ ಅಂಗೈ ಕಡೆ ಇದ್ದರೆ ಹಾವು ಹೊರಗಿನವರ ಮೇಲೆ ಎರಗುತ್ತದೆ, ಹೆಗಲ ಕಡೆ ಇದ್ದರೆ ನಿಮ್ಮ ಹತ್ತಿರ ಬರುತ್ತದೆ. ನೋಡುವವರಿಗೆ ಮೊದಲನೆಯದೇ ಗತ್ತು, ಹಾಗಾಗಿ ನಾನು ಸಾಮಾನ್ಯವಾಗಿ ಕೆಳಮುಖವಾಗಿಯೇ ಇಡುತ್ತಿದ್ದೆ.

ಹೋದ ವರ್ಷ ನಾಗರಪಂಚಮಿಯ ವಾರ ಒಬ್ಬಳು ಹುಡುಗಿ ಅಮ್ಮನನ್ನೇ ಕರೆದುಕೊಂಡು ಬಂದಳು. ಆಕೆ ಮಾತಿಲ್ಲದೆ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದರು, ಕೈಯಲ್ಲಿ ತಂಬಿಟ್ಟಿನ ಡಬ್ಬಿ. ಸ್ಟೆನ್ಸಿಲ್ ಹಚ್ಚಿ ಕಾಗದ ಕಿತ್ತ ಮೇಲೆ ಎದ್ದು ಬಂದು ಕನ್ನಡಕ ಏರಿಸಿ ನೋಡಿದರು. "ತಲೆ ಕೆಳಗ್ಯಾಕಪ್ಪಾ? ಮನೆ ಬಿಟ್ಟು ಇಳಿದು ಹೋಗ್ತಿರೋ ಹಾಗಿದೆ. ಮೇಲಕ್ಕೆ ತಿರುಗಿಸು" ಅಂದರು. ಮಗಳು ನನ್ನ ಮುಖ ನೋಡಿದಳು. ಸ್ಪಿರಿಟ್ ಹಾಕಿ ಒರೆಸಿ ತಲೆ ಹೆಗಲ ಕಡೆ ಬರುವ ಹಾಗೆ ಇನ್ನೊಂದು ಹಚ್ಚಿದೆ. ಮೂರು ಗಂಟೆ ಹಿಡಿಯಿತು.

ಕೆಲಸ ಮುಗಿಸಿ ಇಳಿದ ಮೇಲೆ ಇಬ್ಬರೂ ಅರಳಿಕಟ್ಟೆ ಹತ್ತಿರ ನಿಂತದ್ದು ಕಿಟಕಿಯಿಂದ ಕಂಡಿತು. ಅಮ್ಮ ಕಲ್ಲಿಗೆ ಅರಿಶಿನ ಹಚ್ಚುತ್ತಿದ್ದರು. ಮಗಳು ಪ್ಲಾಸ್ಟಿಕ್ ಸುತ್ತಿದ ಕೈಯನ್ನು ಆದಷ್ಟು ದೂರ ಹಿಡಿದುಕೊಂಡಿದ್ದಳು. ಎರಡು ವಾರ ಅರಿಶಿನ ಕುಂಕುಮ ತಾಗಿಸಬೇಡ ಎಂದು ನಾನೇ ಹೇಳಿ ಕಳಿಸಿದ್ದೆ.